ತಲೆ ಕೆಡಿಸ್ಕೋಬೇಡ ಅಂದರೆ ಸಾಲದು

ಮನಸ್ಸು ಕುಗ್ಗಿದವರಿಗೆ ನಮ್ಮ ಊರುಗಳಲ್ಲಿ ಸಿಗುವ ಮೊದಲ ಮದ್ದು ‘ತಲೆ ಕೆಡಿಸ್ಕೋಬೇಡ’ ಎಂಬ ಮಾತು. ಹೇಳುವವರಿಗೆ ಕಾಳಜಿ ಇಲ್ಲವೆಂದಲ್ಲ. ಕೆಡಿಸಿಕೊಳ್ಳದೆ ಇರುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಆ ‘ಹೇಗೆ’ಗೆ ಒಂದು ಕ್ರಮವಿದೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅದನ್ನು ಅರಿವು-ವರ್ತನಾ ಚಿಕಿತ್ಸೆ, ಚಿಕ್ಕದಾಗಿ ಸಿಬಿಟಿ, ಎನ್ನುತ್ತಾರೆ. ದುಡ್ಡಿದ್ದವರು ಬೆಂಗಳೂರಿನಲ್ಲಿ ಪಡೆಯುವ ಈ ಚಿಕಿತ್ಸೆ ತಾಂಡವಪುರದಂಥ ಊರಿನ ಆರೋಗ್ಯ ಕೇಂದ್ರದಲ್ಲೂ ಸಿಗಬೇಕು, ಸಿಗಲು ಸಾಧ್ಯವೂ ಇದೆ ಎಂಬುದು ನನ್ನ ವಾದ.

ತಾಂಡವಪುರ ಮೈಸೂರು-ನಂಜನಗೂಡು ರಸ್ತೆಯ ಊರು. ಹೊಲಗಳ ನಡುವೆಯೇ ಕಾರ್ಖಾನೆಗಳು ಎದ್ದಿವೆ. ಅಲ್ಲಿಗೆ ಪಾಳಿಯ ಮೇಲೆ ಹೋಗುವ ಒಬ್ಬ ಗುತ್ತಿಗೆ ಕಾರ್ಮಿಕ ಇದ್ದಾನೆಂದು ಇಟ್ಟುಕೊಳ್ಳಿ. ಬೆಳಿಗ್ಗೆ ಗೇಟಿನ ಬಳಿ ಸೂಪರ್‌ವೈಸರ್ ನೋಡಿಯೂ ನೋಡದಂತೆ ಹೋದರು. ‘ನನ್ನ ಕೆಲಸ ಹೋಯ್ತು’ ಎಂಬ ಯೋಚನೆ ಥಟ್ಟನೆ ಬಂತು. ಎದೆ ಡವಡವ, ರಾತ್ರಿ ನಿದ್ದೆಯಿಲ್ಲ, ಮರುದಿನ ರಜೆ. ಸಿಬಿಟಿ ಅವನ ಕೈಗೊಂದು ನೋಟ್‌ಬುಕ್ ಕೊಡುತ್ತದೆ. ನಡೆದದ್ದೇನು, ಆಗ ಹೊಳೆದದ್ದೇನು, ಅದಕ್ಕೆ ಸಾಕ್ಷಿ ಏನು, ವಿರುದ್ಧವಾದ ಸಾಕ್ಷಿ ಏನು ಎಂದು ಸಾಲು ಎಳೆದು ಬರೆಯಬೇಕು. ಸೂಪರ್‌ವೈಸರ್ ಕಿವಿಯಲ್ಲಿ ಫೋನ್ ಇತ್ತಲ್ಲ ಎಂಬುದು ಬರೆಯುವಾಗ ನೆನಪಾಗಬಹುದು. ಜೊತೆಗೆ ಒಂದು ಮನೆಗೆಲಸ: ಬಿಟ್ಟುಬಿಟ್ಟಿದ್ದ ಸಂಜೆಯ ಟೀ ಅಂಗಡಿಗೆ ಈ ವಾರ ಮೂರು ದಿನ ಹೋಗಿಬರುವುದು. ಮನಸ್ಸು ಬಂದ ಮೇಲೆ ಹೋಗುತ್ತೇನೆ ಎಂದರೆ ಆಗದು. ಹೋದ ಮೇಲೆಯೇ ಮನಸ್ಸು ಬರುವುದು. ವಾರಕ್ಕೊಮ್ಮೆಯಂತೆ ಹತ್ತಾರು ಭೇಟಿ, ಅಷ್ಟೇ.

ಇದಕ್ಕೆ ದೊಡ್ಡ ಓದು ಬೇಕಲ್ಲವೇ ಎಂದು ಕೇಳುವವರು ಗೋವಾದತ್ತ ನೋಡಬೇಕು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು, ಮನೋವಿಜ್ಞಾನ ಓದಿರದ ಸ್ಥಳೀಯರಿಗೇ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರಿಗೆ ಈ ಚಿಕಿತ್ಸೆಯ ವರ್ತನಾ ಭಾಗವನ್ನು ಆರರಿಂದ ಎಂಟು ಭೇಟಿಗಳಲ್ಲಿ ಕೊಡಿಸಿದರು. ಮೂರು ತಿಂಗಳ ನಂತರ ಅವರಲ್ಲಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 39. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾಗಳಂಥ ಮಹಿಳಾ ಕಾರ್ಯಕರ್ತೆಯರೇ ಬಾಣಂತಿಯರಿಗೆ ಸಿಬಿಟಿ ಆಧಾರಿತ ನೆರವು ಕೊಟ್ಟರು. ಆರು ತಿಂಗಳಲ್ಲಿ ಖಿನ್ನತೆ ಉಳಿದದ್ದು ಶೇ. 23 ಮಂದಿಗೆ, ಆ ನೆರವು ಸಿಗದವರಲ್ಲಿ ಶೇ. 53. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ನಮ್ಮಲ್ಲಿ ಖಿನ್ನತೆಯುಳ್ಳ ನೂರರಲ್ಲಿ ಸುಮಾರು 85 ಮಂದಿಗೆ ಯಾವ ಚಿಕಿತ್ಸೆಯೂ ತಲುಪುತ್ತಿಲ್ಲ ಎಂದಿತು. ಅಷ್ಟು ಜನರಿಗೆ ಸಾಕಾಗುವಷ್ಟು ಮನೋವೈದ್ಯರನ್ನು ಎಲ್ಲಿಂದ ತರುವುದು?

ಹೊಟ್ಟೆಗಿಲ್ಲದವನಿಗೆ ಯೋಚನೆ ಬದಲಿಸು ಎನ್ನುವುದು ಕ್ರೌರ್ಯವಲ್ಲವೇ? ತೂಕದ ಆಕ್ಷೇಪಣೆ ಇದೇ. ಗುತ್ತಿಗೆ ನಿಜಕ್ಕೂ ಮುಗಿಯುತ್ತಿದ್ದರೆ ಆ ಕಾರ್ಮಿಕನ ಭಯ ಭ್ರಮೆಯಲ್ಲ. ಆದರೆ ಸಿಬಿಟಿ ‘ಎಲ್ಲ ಒಳ್ಳೆಯದಾಗುತ್ತೆ’ ಎಂಬ ಜಪವಲ್ಲ. ಸಾಕ್ಷಿ ಭಯದ ಪರವಾಗಿದ್ದರೆ ಮಾತು ಮುಂದಿನ ಹೆಜ್ಜೆಗೆ ತಿರುಗುತ್ತದೆ: ಯಾರನ್ನು ಕೇಳಬೇಕು, ಬೇರೆಲ್ಲಿ ವಿಚಾರಿಸಬೇಕು, ಸಾಲದವರಿಗೆ ಏನು ಹೇಳಬೇಕು. ಹಾಸಿಗೆ ಬಿಟ್ಟು ಏಳಲಾಗದವನಿಂದ ಇದ್ಯಾವುದೂ ಆಗದು. ಸಂಬಳದ ಜಗಳಕ್ಕೆ ಸಂಘ ಬೇಕು, ಅದರ ಜಾಗವನ್ನು ನೋಟ್‌ಬುಕ್ ತುಂಬಲಾರದು, ಒಪ್ಪಿದೆ. ನಂಜುಂಡೇಶ್ವರನಿಗೆ ಹರಕೆ ಹೊತ್ತರೆ ಸಾಲದೇ ಎನ್ನುವವರೂ ಇದ್ದಾರೆ. ಹೊರಲಿ, ಹರಕೆಗೂ ನೋಟ್‌ಬುಕ್ಕಿಗೂ ಜಗಳವಿಲ್ಲ. ಮಾತ್ರೆಗೂ ಇದಕ್ಕೂ ಇಲ್ಲ. ತೀವ್ರ ಕಾಯಿಲೆಗಳಿಗೆ ಔಷಧಿ ಬೇಕೇ ಬೇಕು, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಹಾಗಾದರೆ ಈ ಕೆಲಸ ಮಾಡುವವರು ಯಾರು? ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಈಗಲೇ ಹೊರೆ ಜಾಸ್ತಿ ಎಂಬುದು ನಿಜ. ಗೌರವಧನ ಹೆಚ್ಚಿಸದೆ ಇನ್ನೊಂದು ರಿಜಿಸ್ಟರ್ ಹೇರಿದರೆ ಯೋಜನೆ ಕಾಗದದಲ್ಲೇ ಸಾಯುತ್ತದೆ. ಆದ್ದರಿಂದ ಪ್ರತ್ಯೇಕ ಆಪ್ತ ಸಮಾಲೋಚಕರನ್ನು ನೇಮಿಸಿ, ಸಂಬಳ ಕೊಟ್ಟು, ಮೇಲೆ ತಜ್ಞರೊಬ್ಬರ ಕಣ್ಣಿಡುವುದೇ ಸರಿ. ಜನ ಹತ್ತಿರದಲ್ಲೇ ಸಿಗುತ್ತಾರೆ. 1935ರಲ್ಲಿ ಮನೆಯಿಂದಲೇ ಬಾನುಲಿ ಬಿತ್ತರಿಸಿದ ಎಂ.ವಿ. ಗೋಪಾಲಸ್ವಾಮಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದುದು ಮನೋವಿಜ್ಞಾನವನ್ನೇ. ಆ ಪಾಠ ಇಂದಿಗೂ ಅಲ್ಲಿ ನಡೆಯುತ್ತಿದೆ. ಅಲ್ಲಿ ಓದಿದವರಿಗೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೆರಡು ದಿನದ ಕೆಲಸ ಕೊಟ್ಟು ಆರೋಗ್ಯ ಇಲಾಖೆ ಆರಂಭಿಸಲಿ. ಅಲ್ಲಿಯವರೆಗೆ ಟೆಲಿ-ಮನಸ್ ಸಹಾಯವಾಣಿ ಇದೆ: 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.