ಕಡಲೆ ಇದ್ದಾಗ ಹಲ್ಲು

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ದೈವದ ವಕ್ರತೆಯನ್ನು ಹೇಳುವುದಕ್ಕೆ ಬಳಸುತ್ತೇವೆ. ಅದರ ಅಕ್ಷರಾರ್ಥದ ಕಡೆಗೆ, ಎಂದರೆ ನಿಜವಾಗಿಯೇ ಹಲ್ಲಿಲ್ಲದೆ ಕಡಲೆಯ ಮುಂದೆ ಕುಳಿತಿರುವ ಮನುಷ್ಯನ ಕಡೆಗೆ, ನಮ್ಮ ಗಮನ ಹೋಗುವುದು ಕಡಮೆ. ಅಂಥವರು ಪ್ರತಿಯೊಂದು ಬೀದಿಯಲ್ಲಿಯೂ ಇದ್ದಾರೆ. ವಾಚಕರಲ್ಲಿ ಹಲವರ ಮನೆಯಲ್ಲಿಯೂ ಇರಬಹುದು. ಈ ವಾರ ಅವರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆನಿಸಿದೆ.

ನಮ್ಮ ಕಲಬುರಗಿಯ ಕಡೆ ಈ ಗಾದೆಯಲ್ಲಿ ಕಡಲೆಯ ಸ್ಥಾನಕ್ಕೆ ರೊಟ್ಟಿಯನ್ನು ತಂದರೆ ಮಾತು ಇನ್ನಷ್ಟು ನಿಜವಾದೀತು. ಅನ್ನ ಉಣ್ಣುವ ನಾಡಿನಲ್ಲಿ ಹಲ್ಲು ಕಳೆದುಕೊಂಡವನು ಹೇಗೋ ಕಾಲ ನೂಕಬಲ್ಲ. ಜೋಳದ ಖಡಕ್ ರೊಟ್ಟಿ, ಶೇಂಗಾದ ಹಿಂಡಿ, ಬದಿಯಲ್ಲಿ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯದ ಸೊಪ್ಪು ಇವುಗಳಿಂದ ತುಂಬಿದ ತಟ್ಟೆಯಾದರೋ ಹಲ್ಲುಗಳನ್ನೇ ನಂಬಿಕೊಂಡು ಹುಟ್ಟಿದ ತಟ್ಟೆ. ಚಳಿಗಾಲದಲ್ಲಿ ಹೊಲದಲ್ಲಿ ಸುಡುವ ಸೀತನಿಯ ಮಾತಂತೂ ಹೇಳುವುದೇ ಬೇಡ. ಹಲ್ಲು ಹೋದವರು ರೊಟ್ಟಿಯನ್ನು ಮುರಿದು ಸಾರಿನಲ್ಲೋ ಹಾಲಿನಲ್ಲೋ ನೆನೆಯಿಟ್ಟು, ಅದು ಮೆತ್ತಗಾಗುವ ತನಕ ಉಳಿದವರ ಮುಖ ನೋಡುತ್ತ ಕೂಡಬೇಕು. ಮನೆಯವರ ಊಟ ಮುಗಿಯುವ ಹೊತ್ತಿಗೆ ಇವರದು ಆರಂಭವಾಗುತ್ತದೆ. ಕ್ರಮೇಣ ಇವರ ತಟ್ಟೆ ಬೇರೆಯಾಗುತ್ತದೆ, ಅಡುಗೆ ಬೇರೆಯಾಗುತ್ತದೆ, ಕೊನೆಗೆ ಕುಳಿತುಕೊಳ್ಳುವ ಜಾಗವೂ ಬೇರೆಯಾಗುತ್ತದೆ.

ಕಲಬುರಗಿಯಿಂದ ಹುಮನಾಬಾದಿನ ರಸ್ತೆ ಹಿಡಿದು ಹೊರಟರೆ ಕಮಲಾಪುರ ಸಿಗುತ್ತದೆ. ಈಚೆಗೆ ತಾಲ್ಲೂಕು ಕೇಂದ್ರವಾಗಿರುವ ಆ ಊರಿನ ಕೆಂಪು ಬಾಳೆಹಣ್ಣು ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆದಿದೆ. ಆ ಊರಿನ ಒಬ್ಬ ನಿವೃತ್ತ ಶಾಲಾ ಮಾಸ್ತರರನ್ನು ನಾನು ಬಲ್ಲೆ. ವಯಸ್ಸು ಎಪ್ಪತ್ತನ್ನು ದಾಟಿದೆ. ಒಂದೊಂದಾಗಿ ಹೋಗುತ್ತಿದ್ದ ಹಲ್ಲುಗಳಲ್ಲಿ ಕೊನೆಯವನ್ನು ಕೀಳಿಸಿಕೊಂಡ ಮೇಲೆ, ಹಲ್ಲು ಕಟ್ಟಿಸಿಕೊಳ್ಳಿರೆಂದು ಮಗ ಹೇಳಿದಾಗಲೆಲ್ಲ ಅವರದು ಒಂದೇ ಉತ್ತರ: “ನಮ್ಮೂರ ಬಾಳೆಹಣ್ಣಿಗೆ ಹಲ್ಲು ಯಾಕ ಬೇಕು? ಇನ್ನೆಷ್ಟು ದಿನ ಅದ ನಂದು?” ಮಗನಿಗೂ ಸಂಸಾರದ ತಾಪತ್ರಯಗಳಿದ್ದುವು. ಮಾತು ಅಲ್ಲಿಗೇ ನಿಂತಿತು.

ಬಾಳೆಹಣ್ಣಿನ ಮಾತು ನಗೆಗೆ ಸರಿ. ಆದರೆ ಮಾಸ್ತರರು ಕಳೆದುಕೊಂಡದ್ದು ರೊಟ್ಟಿಯನ್ನು ಮಾತ್ರವಲ್ಲ. ನಲವತ್ತು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿದ ಬಾಯಿ ಅದು. ಸಂಜೆ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರಿಗೆ ಪುರಾಣ ಓದಿ ಹೇಳುತ್ತಿದ್ದವರು ಆ ಕೆಲಸ ಬಿಟ್ಟರು. ಒಮ್ಮೆ ಮೊಮ್ಮಗ, “ಮುತ್ಯಾ, ಸರಸ್ವತಿ ಅನ್ನು ನೋಡಾಮು” ಎಂದು ಕೇಳಿ, ಅವರು ಅಂದದ್ದನ್ನು ಅಣಕಿಸಿ ನಕ್ಕನಂತೆ. ಹುಡುಗನ ತಪ್ಪೇನೂ ಇಲ್ಲ. ಆದರೆ ಆ ವರ್ಷ ಎಳ್ಳಮಾವಾಸ್ಯೆಗೆ ಮನೆಯವರೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೊರಟಾಗ, ಮಾಸ್ತರರು ಮೊಣಕಾಲು ನೋವೆಂದು ಹೇಳಿ ಮನೆಯಲ್ಲಿ ಉಳಿದರು. ಭಜ್ಜಿ, ಸಜ್ಜೆಯ ರೊಟ್ಟಿಗಳ ಪಂಕ್ತಿಯಲ್ಲಿ ಬೀಗರ ಎದುರಿಗೆ ಬಾಯಿ ಆಡಿಸುವುದು ಅವರಿಗೆ ಬೇಡವಾಗಿತ್ತು.

ಕನ್ನಡ ಪಾಠ ಹೇಳುವವನಾದುದರಿಂದ ಇಲ್ಲಿ ಒಂದು ಮಾತನ್ನು ಸೇರಿಸುತ್ತೇನೆ. ನಮ್ಮ ವರ್ಣಮಾಲೆ ಬಾಯಿಯೊಳಗಿನ ಸ್ಥಾನಗಳನ್ನು ಅನುಸರಿಸಿ ಜೋಡಿಸಿದ್ದು. ತ, ಥ, ದ, ಧ, ನ ಇವು ದಂತ್ಯಗಳು. ನಾಲಗೆಯ ತುದಿ ಹಲ್ಲನ್ನು ಮುಟ್ಟಿದಾಗ ಹುಟ್ಟುವಂಥವು. ಸಕಾರಕ್ಕೆ ಹಲ್ಲಿನ ಅಂಚಿನಿಂದ ಉಸಿರು ಹಾಯಬೇಕು. ವಕಾರಕ್ಕೆ ಮೇಲಿನ ಹಲ್ಲೂ ಕೆಳತುಟಿಯೂ ಕೂಡಬೇಕು. ಹಲ್ಲು ಹೋದಾಗ ವರ್ಣಮಾಲೆಯ ಒಂದು ಸಾಲೇ ಸಡಿಲಗೊಳ್ಳುತ್ತದೆ. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, ಅವನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನುಡಿಯ ಬಗೆಗೆ ಅಷ್ಟು ಯೋಚಿಸಿದ ನಾಡಿನಲ್ಲಿ ಒಬ್ಬ ಹಿರಿಯ ಬರಿಯ ಹಲ್ಲಿನ ಕಾರಣಕ್ಕಾಗಿ ಮೌನಿಯಾಗುವುದು ಸಣ್ಣ ನಷ್ಟವಲ್ಲ.

ಮುಪ್ಪು ಬಂದರೆ ಹಲ್ಲು ಹೋಗುವುದು ಸಹಜ ಎಂದು ನಂಬಿದ್ದೇವೆ. ಬಸವಣ್ಣನವರೂ ಒಂದು ವಚನದಲ್ಲಿ ಮುಪ್ಪಿನ ಗುರುತುಗಳನ್ನು ಎಣಿಸುವಾಗ ಹಲ್ಲನ್ನು ಬಿಟ್ಟಿಲ್ಲ. ಆದರೆ ಇಂದಿನ ವೈದ್ಯರು ಹೇಳುವುದು ಬೇರೆ. ಹಲ್ಲನ್ನು ಕೊಂಡೊಯ್ಯುವುದು ವಯಸ್ಸಲ್ಲ. ಹುಳುಕು ಮತ್ತು ಒಸಡಿನ ರೋಗ. ನಮ್ಮ ಕಡೆ ಇವುಗಳ ಜೊತೆಗೆ ತಂಬಾಕು, ಗುಟಕಾ, ಹೆಂಗಸರು ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಮಿಶ್ರಿ ಇವೂ ಸೇರಿಕೊಳ್ಳುತ್ತವೆ. ಹಲ್ಲು ನೋಯಲು ತೊಡಗಿದಾಗ ಅದನ್ನು ಉಳಿಸಿಕೊಳ್ಳುವ ಉಪಾಯಗಳಿದ್ದರೂ, ದುಡಿಮೆ ಬಿಟ್ಟು ನಾಲ್ಕು ಸಲ ಪಟ್ಟಣಕ್ಕೆ ಹೋಗಲಾರದ ಮನುಷ್ಯ ಕೀಳಿಸಿಬಿಡಿರಿ ಎನ್ನುತ್ತಾನೆ.

ಕೀಳಿಸಿದ ಮೇಲೆ ಸುಮ್ಮನಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ಖಾಲಿಯಾದ ಜಾಗದ ಕಡೆಗೆ ಪಕ್ಕದ ಹಲ್ಲು ವಾಲುತ್ತದೆ. ಎದುರಿನ ಹಲ್ಲು ತನಗೆ ಎದುರಾಳಿ ಇಲ್ಲವೆಂದು ಹೊರಗೆ ಇಳಿಯುತ್ತದೆ. ಹಲ್ಲಿನ ಬೇರನ್ನು ಹಿಡಿದಿದ್ದ ದವಡೆಯ ಮೂಳೆ ಕೆಲಸವಿಲ್ಲದೆ ಕರಗತೊಡಗುತ್ತದೆ. ಮೊದಲ ವರ್ಷದಲ್ಲಿ ಬೇಗ ಬೇಗ, ಆಮೇಲೆ ನಿಧಾನವಾಗಿ, ಜೀವವಿರುವ ತನಕ ಇದು ನಡೆಯುತ್ತದೆ, ಕೆಳದವಡೆಯಲ್ಲಿ ಹೆಚ್ಚು. ಕೆನ್ನೆ ಒಳಗಿಳಿದು, ಗದ್ದ ಮೂಗಿನ ಸಮೀಪಕ್ಕೆ ಬರುವುದು ಇದರಿಂದಲೇ. ಹತ್ತು ವರ್ಷ ತಡೆದು ಬಂದವರಿಗೆ ಸೆಟ್ಟು ನಿಲ್ಲಿಸುವುದು ಕಷ್ಟವಾಗುವುದಕ್ಕೂ ಇದೇ ಕಾರಣ. ಕಟ್ಟಲು ದಿಂಡು ಉಳಿದಿರುವುದಿಲ್ಲ.

ಈ ಕಷ್ಟಕ್ಕೆ ಮನುಷ್ಯ ಉಪಾಯ ಹುಡುಕಿದ್ದು ಇಂದು ನಿನ್ನೆಯಲ್ಲ. ಕ್ರಿಸ್ತಪೂರ್ವ 7ನೆಯ ಶತಮಾನದ ಸುಮಾರಿಗೆ ಇಟಲಿಯ ಎಟ್ರುಸ್ಕನ್ ಜನ ಚಿನ್ನದ ಪಟ್ಟಿಯಿಂದ ಬೇರೆ ಹಲ್ಲನ್ನು ಬಿಗಿದು ಕಟ್ಟುತ್ತಿದ್ದರು. ಜಪಾನಿನ ಕುಶಲಿಗಳು 16ನೆಯ ಶತಮಾನದ ಹೊತ್ತಿಗೆ ಮರವನ್ನು ಕೊರೆದು ಪೂರ್ಣ ಸೆಟ್ಟು ಮಾಡಿದ್ದರು. ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ 1789ರಲ್ಲಿ ಪ್ರಮಾಣ ವಚನ ಸ್ವೀಕರಿಸುವಾಗ ಅವರ ಬಾಯಲ್ಲಿ ಉಳಿದಿದ್ದ ಸ್ವಂತ ಹಲ್ಲು ಒಂದೇ. ಉಳಿದವನ್ನು ನೀರಾನೆಯ ದಂತದಿಂದಲೂ ಅನ್ಯರ ಹಲ್ಲಿನಿಂದಲೂ ಮಾಡಲಾಗಿತ್ತು. 1815ರ ವಾಟರ್ಲೂ ಯುದ್ಧದಲ್ಲಿ ಮಡಿದ ತರುಣ ಸೈನಿಕರ ಹಲ್ಲುಗಳು ಯೂರೋಪಿನ ಶ್ರೀಮಂತರ ಬಾಯಿ ಸೇರಿದುವೆಂಬುದು ಕೇಳುವುದಕ್ಕೆ ಅಸಹ್ಯವಾದರೂ ಇತಿಹಾಸ. 19ನೆಯ ಶತಮಾನದ ನಡುವಿನಲ್ಲಿ ಗಟ್ಟಿಗೊಳಿಸಿದ ರಬ್ಬರು ಬಂದು ಸೆಟ್ಟು ಅಗ್ಗವಾಯಿತು. 1930ರ ದಶಕದ ಕೊನೆಯಲ್ಲಿ ಬಂದ ಅಕ್ರಿಲಿಕ್ ಎಂಬ ಒಸಡಿನ ಬಣ್ಣದ ಪದಾರ್ಥವೇ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು. ದೊರೆಗಳಿಗೂ ದುರ್ಲಭವಾಗಿದ್ದ ವಸ್ತು ಇಂದು ಕೂಲಿಕಾರನ ಕೈಗೂ ಎಟುಕುವಂತಿದೆ.

ಎಟುಕುವಂತಿದೆ ಎಂಬುದು ಬರಿಯ ಮಾತಲ್ಲ. ಕಲಬುರಗಿ ನಗರದಲ್ಲಿಯೇ ಎಸ್. ನಿಜಲಿಂಗಪ್ಪನವರ ಹೆಸರಿನ ದಂತವೈದ್ಯ ಕಾಲೇಜಿದೆ. ಅಲ್-ಬದರ್ ಗ್ರಾಮೀಣ ದಂತವೈದ್ಯ ಕಾಲೇಜಿದೆ. ಇಂಥ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರಿನಲ್ಲಿ ಕೆಲಸ ಮಾಡುತ್ತಾರಾದ್ದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ, ಹಣ ಕಡಮೆ ಹಿಡಿಯುತ್ತದೆ. ಬಡ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡಿಸುವುದಕ್ಕೆಂದು ಕರ್ನಾಟಕ ಸರ್ಕಾರ 2014-15ರ ಸುಮಾರಿಗೆ ‘ದಂತಭಾಗ್ಯ’ ಯೋಜನೆಯನ್ನು ತಂದಿತು. ಮೊದಲು 60 ಎಂದಿದ್ದ ವಯೋಮಿತಿಯನ್ನು ಮುಂದೆ 45ಕ್ಕೆ ಇಳಿಸಿತು. ರೇಶನ್ ಕಾರ್ಡನ್ನು ಜೊತೆಯಲ್ಲಿಟ್ಟುಕೊಂಡು ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸುವುದರಿಂದ ನಷ್ಟವೇನಿಲ್ಲ. ಸಂತೆಯ ಬದಿಯಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುವವರ ಬಳಿಗೆ ಮಾತ್ರ ಹೋಗಬಾರದು. ಅವರು ತಂತಿಯಿಂದ ಬಿಗಿದ ಹಲ್ಲು ತೆಗೆಯಲು ಬಾರದೆ, ಅದರಡಿಯಲ್ಲಿ ಕೊಳೆ ನಿಂತು, ಪಕ್ಕದ ಒಳ್ಳೆಯ ಹಲ್ಲುಗಳನ್ನೂ ಕೆಡಿಸುತ್ತದೆ.

ಮಾಸ್ತರರನ್ನು ಕೊನೆಗೆ ಒಪ್ಪಿಸಿದವಳು ಸೊಸೆ. “ಮಾಮಾ, ನೀವು ಪುರಾಣ ಓದೂದು ಬಿಟ್ಟಾಗಿಂದ ಮನಿ ಭಣಭಣ ಅನಸ್ತದ” ಎಂದಳಂತೆ. ಖರ್ಚಿನ ಮಾತನ್ನಾಗಲಿ ಆರೋಗ್ಯದ ಮಾತನ್ನಾಗಲಿ ಅವಳು ಎತ್ತಲಿಲ್ಲ. ಮಾಸ್ತರರು ಐದು ಸಲ ಬಸ್ಸು ಹತ್ತಿ ಕಲಬುರಗಿಗೆ ಬಂದರು. ಮೊದಲ ಸಲ ಬಾಯಿಯ ಅಚ್ಚು ತೆಗೆದರು. ಎರಡನೆಯ ಸಲ ಇನ್ನೂ ಸೂಕ್ಷ್ಮವಾದ ಅಚ್ಚು. ಮೂರನೆಯ ಸಲ ಮೇಣದ ದಿಂಡುಗಳನ್ನು ಬಾಯಲ್ಲಿಟ್ಟು ಮೇಲಿನ ಕೆಳಗಿನ ದವಡೆ ಕೂಡುವ ಅಳತೆ ನೋಡಿದರು. ನಾಲ್ಕನೆಯ ಸಲ ಮೇಣದಲ್ಲಿ ಹಲ್ಲು ಕೂಡಿಸಿ ಕನ್ನಡಿ ತೋರಿಸಿದರು. ಬದಲಾಯಿಸಬೇಕಾದುದನ್ನು ಹೇಳುವ ಕಾಲ ಅದೇ. ಐದನೆಯ ಸಲ ಸೆಟ್ಟು ಕೈಗೆ ಬಂತು. 32 ಇದ್ದ ಬಾಯಿಗೆ ಈಗ 28. ಕೊನೆಯ ನಾಲ್ಕು ದವಡೆ ಹಲ್ಲುಗಳನ್ನು ಸೆಟ್ಟಿನಲ್ಲಿ ಸೇರಿಸುವ ರೂಢಿಯಿಲ್ಲ.

ನಿಜವಾದ ಪರೀಕ್ಷೆ ಇಲ್ಲಿಂದ ಮುಂದೆ. ಎಷ್ಟೋ ಮನೆಗಳಲ್ಲಿ ಹಣ ಕೊಟ್ಟು ಕಟ್ಟಿಸಿದ ಹಲ್ಲು ಎಂಟು ದಿನ ಬಾಯಲ್ಲಿದ್ದು ಆಮೇಲೆ ಸಂದೂಕು ಸೇರುತ್ತದೆ. ಹೊಸ ಕನ್ನಡಕದಂತೆ ಹಾಕಿದ ಕೂಡಲೇ ಕೆಲಸ ಮಾಡೀತೆಂದು ನಾವು ತಿಳಿದಿರುತ್ತೇವೆ. ಮೇಲಿನ ಸೆಟ್ಟು ಅಂಗುಳನ್ನು ಪೂರ್ತಿ ಆವರಿಸಿ, ನಡುವೆ ಇರುವ ಜೊಲ್ಲಿನ ತೆಳು ಪೊರೆಯ ಬಲದಿಂದ ಅಂಟಿ ನಿಲ್ಲುತ್ತದೆ. ಕೆಳಗಿನದಕ್ಕೆ ಆ ಆಸರೆಯಿಲ್ಲ. ನಾಲಗೆ ಅದನ್ನು ಎತ್ತುತ್ತಲೇ ಇರುತ್ತದೆ. ಕೆನ್ನೆಯೂ ನಾಲಗೆಯೂ ಅದನ್ನು ಹಿಡಿದಿಡಲು ಕಲಿಯುವುದಕ್ಕೆ ಕೆಲವು ವಾರಗಳೇ ಬೇಕು. ಕಚ್ಚುವ ಬಲವಾದರೂ ಸ್ವಂತ ಹಲ್ಲಿನದರ ನಾಲ್ಕರಲ್ಲೊಂದು ಪಾಲಿನಷ್ಟು. ಆದುದರಿಂದ ಮೊದಲು ಮೆತ್ತನೆಯ ಅನ್ನ, ಬೇಳೆ. ಆಮೇಲೆ ಸಣ್ಣ ಸಣ್ಣ ತುತ್ತು, ಎರಡೂ ಕಡೆ ಸಮನಾಗಿ ಅಗಿಯುವ ಅಭ್ಯಾಸ. ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯುವುದು ಬೇಡ. ಒಸಡಿಗೆ ಒತ್ತಿ ಹುಣ್ಣಾದರೆ ಮನೆಯಲ್ಲಿ ಅರದಿಂದ ಉಜ್ಜದೆ ವೈದ್ಯರಲ್ಲಿಗೆ ಹೋಗಬೇಕು. ಅವರು ಆ ಜಾಗವನ್ನು ಸವರಿ ಕೊಡುತ್ತಾರೆ.

ಮಾಸ್ತರರ ಮದ್ದು ಅವರದೇ ಆಗಿತ್ತು. ಬಾಗಿಲು ಮುಚ್ಚಿಕೊಂಡು ದಿನವೂ ಅರ್ಧ ಗಂಟೆ ಗಟ್ಟಿಯಾಗಿ ಓದತೊಡಗಿದರು. ವೈದ್ಯರು ಹೇಳುವ ಮದ್ದೂ ಅದೇ. ಒಂದು ತಿಂಗಳಿಗೆ ದಂತ್ಯಗಳು ಹಿಂದಿರುಗಿದುವು; ಸಕಾರ ಮಾತ್ರ ಇನ್ನಷ್ಟು ದಿನ ಸತಾಯಿಸಿತು. ರೊಟ್ಟಿ ಸಂಪೂರ್ಣ ಹಿಂದಿರುಗಿತೆಂದು ಹೇಳಲಾರೆ. ಖಡಕ್ ರೊಟ್ಟಿಯನ್ನು ಅವರು ಈಗಲೂ ಮುಟ್ಟುವುದಿಲ್ಲ. ಹಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ಎಲ್ಲರ ಜೊತೆ ಕುಳಿತು ಉಣ್ಣುತ್ತಾರೆ. ಕಟ್ಟೆಯ ಮೇಲಿನ ಪುರಾಣವೂ ಮತ್ತೆ ಆರಂಭವಾಗಿದೆ.

ಸೆಟ್ಟಿನ ಆರೈಕೆ ಕಷ್ಟದ್ದಲ್ಲ. ಊಟವಾದ ಮೇಲೆ ತೊಳೆಯಬೇಕು. ಕೈ ಜಾರಿದರೆ ಒಡೆಯದಂತೆ ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಳ್ಳಬೇಕು. ಮೆದುವಾದ ಬ್ರಷ್ಷು, ಸ್ವಲ್ಪ ಸಾಬೂನು ಸಾಕು; ಕುದಿಯುವ ನೀರು ಬೇಡ, ಆಕಾರ ಕೆಡುತ್ತದೆ. ರಾತ್ರಿ ತೆಗೆದು ನೀರಿನಲ್ಲಿಟ್ಟು ಒಸಡಿಗೆ ವಿಶ್ರಾಂತಿ ಕೊಡಬೇಕು. ಮೂಳೆ ಕರಗುತ್ತಲೇ ಇರುವುದರಿಂದ ಕೆಲವು ವರ್ಷಗಳಿಗೆ ಸೆಟ್ಟು ಸಡಿಲವಾಗುವುದು ಸಹಜ. ಒಳಪದರ ತುಂಬಿಸಬೇಕು, ಇಲ್ಲವೆ ಹೊಸದು ಮಾಡಿಸಬೇಕು. ಅನುಕೂಲವಿದ್ದವರಿಗೆ ಕೆಳದವಡೆಯ ಮೂಳೆಯಲ್ಲಿ ಎರಡು ಟೈಟಾನಿಯಂ ಬೇರುಗಳನ್ನು ನೆಟ್ಟು ಸೆಟ್ಟನ್ನು ಗುಂಡಿಯಂತೆ ಸಿಕ್ಕಿಸುವ ವಿಧಾನವೂ ಈಗ ಬಂದಿದೆ.

ಮುದುಕರ ಬಾಯಿಗೆ ಹಣ ಹಾಕುವುದು ವ್ಯರ್ಥವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವರೇ ಬೇಡವೆಂದರೆ ನಮಗೆ ಒಳಗೊಳಗೆ ಹಗುರವಾಗುತ್ತದೆ, ಅಷ್ಟೆ. ಆ “ಬೇಡ”ವನ್ನು ನಂಬುವ ಮೊದಲು ಅವರ ತಟ್ಟೆಯನ್ನು ಒಮ್ಮೆ ನೋಡಬೇಕು. ಉಳಿದವರೆಲ್ಲ ಎದ್ದ ಮೇಲೆಯೂ ಅದರಲ್ಲಿ ರೊಟ್ಟಿ ನೆನೆಯುತ್ತಿದ್ದರೆ, ಅವರನ್ನು ಕರೆದುಕೊಂಡು ಹೋಗುವುದಕ್ಕೆ ಮುಂದಿನ ರಜೆಯ ತನಕ ಕಾಯಬೇಕಾಗಿಲ್ಲ.