ದಾನಶಾಸನವೂ ಅನುದಾನಪತ್ರವೂ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನದ ಹೆಚ್ಚುಕಡಿಮೆಗೆ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕು ಕಾರಣಗಳನ್ನು ಗುರುತಿಸುತ್ತದೆ. ಇಂದು ಊರೂರಿನ ದತ್ತಿಸಂಸ್ಥೆಗಳು ಹಸ್ತಪ್ರತಿ ಭಂಡಾರಗಳಿಗೂ ವಿದ್ಯಾರ್ಥಿನಿಲಯಗಳಿಗೂ ಸೇವಾಸಂಘಗಳಿಗೂ ಅನುದಾನ ಹಂಚುವ ಕ್ರಮವನ್ನು ಈ ನಾಲ್ಕರ ಮುಂದಿಟ್ಟು ನೋಡಿದರೆ ಒಂದು ಓರೆ ಎದ್ದು ಕಾಣುತ್ತದೆ. ಪಾತ್ರನ ಪರೀಕ್ಷೆ ಕಟ್ಟುನಿಟ್ಟಾಗಿ ನಡೆಯುತ್ತದೆ: ನೋಂದಣಿಪತ್ರ, ಮೂರು ವರ್ಷದ ಲೆಕ್ಕಪರಿಶೋಧನೆ, ಯೋಜನಾವರದಿ, ಭಾವಚಿತ್ರ. ದಾತೃವನ್ನು ಪರೀಕ್ಷಿಸುವವರಿಲ್ಲ. ದಾತೃವಿಗೂ ಏಳು ಗುಣಗಳಿರಬೇಕೆಂದು, ಅವುಗಳಲ್ಲಿ ಕ್ಷಮೆಯೂ ಒಂದೆಂದು ಜೈನ ಪರಂಪರೆ ಎಣಿಸಿದ್ದುದು ಅನುದಾನಸಮಿತಿಗಳ ನೆನಪಿನಲ್ಲಿದ್ದಂತೆ ತೋರದು.

ಶಾಸನಗಳು ದಾತೃವಿನ ಹೊಣೆಯನ್ನು ಬೇರೆ ರೀತಿಯಲ್ಲಿ ಕಂಡವು. ಹೊಯ್ಸಳ ದಂಡನಾಯಕ ಹುಳ್ಳನು ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದನು. 1159ರಲ್ಲಿ ಒಂದನೆಯ ನರಸಿಂಹನು ಅದಕ್ಕೆ ಸವಣೇರು ಗ್ರಾಮವನ್ನು ಬಿಟ್ಟನು. ಕಟ್ಟಡದೊಂದಿಗೇ ಅದರ ನಾಳೆಯ ಅನ್ನವೂ ನಿಗದಿಯಾಯಿತು. ಪೂಜೆ, ಮುನಿಗಳ ಆಹಾರದಾನ, ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮೂರು ವೆಚ್ಚಗಳು ಬಸದಿಯ ದತ್ತಿಗಳಲ್ಲಿ ಮತ್ತೆ ಮತ್ತೆ ಒಟ್ಟಿಗೆ ಬರುತ್ತವೆ. ಮೂರನೆಯದು ಗಮನಾರ್ಹ. ಗೋಡೆ ಬಿರುಕುಬಿಡುವುದನ್ನು ಕೊಡುವವನೇ ಮೊದಲು ಊಹಿಸಿದ್ದಾನೆ. ಅರಸರ ಮಾತು ಹಾಗಿರಲಿ, ಸಾಮಾನ್ಯ ಶ್ರಾವಕರದೂ ಇದೇ ನಡೆ. ಗೊಮ್ಮಟನ ನಿತ್ಯಾಭಿಷೇಕದ ಹಾಲಿಗೆಂದು ಕೆಲವೇ ಗದ್ಯಾಣಗಳನ್ನಿಟ್ಟು, ಅದರ ಬಡ್ಡಿಯಿಂದ ದಿನಕ್ಕಿಷ್ಟು ಮಾನ ಹಾಲು ಎಂದು ಕಲ್ಲಿನಲ್ಲಿ ಬರೆಯಿಸಿದ 13ನೆಯ ಶತಮಾನದ ದಾಖಲೆಗಳು ಅಲ್ಲಿಯೇ ಇವೆ.

ಇಂದಿನ ಅನುದಾನಪತ್ರದಲ್ಲಿ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಯಂತ್ರಕ್ಕೆ ಹಣವುಂಟು, ಯಂತ್ರ ನಡೆಸುವವನ ಸಂಬಳಕ್ಕಿಲ್ಲ. ತಾಳೆಗರಿಗಳ ಛಾಯಾಪ್ರತಿ ತೆಗೆಯಲು ಉಪಕರಣ ಬರುತ್ತದೆ. ಗರಿಗೆ ಎಣ್ಣೆ ಸವರಿ, ಕಟ್ಟು ಬಿಚ್ಚಿ, ಸೂಚಿ ಬರೆಯಬಲ್ಲವನು ಮಾರ್ಚ್ ತಿಂಗಳ ಬಳಿಕ ಬೇರೆ ಉದ್ಯೋಗ ಹುಡುಕುತ್ತಾನೆ. ಹಳಗನ್ನಡ ಲಿಪಿ ಓದಬಲ್ಲ ಒಬ್ಬನನ್ನು ಸಿದ್ಧಗೊಳಿಸಲು ಬೇಕಾಗುವ ಕಾಲ ಯಾವ ಯೋಜನಾವರದಿಯಲ್ಲಿಯೂ ಹಿಡಿಸುವುದಿಲ್ಲ.

ತಪ್ಪೆಲ್ಲ ಸಮಿತಿಗಳದಲ್ಲ. 2017ರ ಹಣಕಾಸು ಕಾಯ್ದೆಯ ತರುವಾಯ ಒಂದು ಧರ್ಮದತ್ತಿಯು ತನ್ನ ಆದಾಯದಿಂದ ಮತ್ತೊಂದರ ಮೂಲನಿಧಿಗೆಂದೇ ಕೊಟ್ಟ ಹಣವು ತೆರಿಗೆಯ ಲೆಕ್ಕದಲ್ಲಿ ವಿನಿಯೋಗವೆನಿಸುವುದಿಲ್ಲ. 2023ರ ತಿದ್ದುಪಡಿಯು ಇತರ ನೋಂದಾಯಿತ ದತ್ತಿಗಳಿಗೆ ಕೊಟ್ಟದ್ದರಲ್ಲಿ ನೂರಕ್ಕೆ 85 ಭಾಗವನ್ನಷ್ಟೇ ವಿನಿಯೋಗವೆಂದು ಒಪ್ಪುತ್ತದೆ. ಹಣವು ದತ್ತಿಯಿಂದ ದತ್ತಿಗೆ ಸುತ್ತುತ್ತ ಕೂಡಿಬೀಳುವುದನ್ನು ತಡೆಯುವುದು ಇವುಗಳ ಉದ್ದೇಶ, ಅದು ಸಾಧುವೂ ಹೌದು. ಆದರೆ ಹಾಲಿನ ಗದ್ಯಾಣವನ್ನಿಟ್ಟವನ ಹಾದಿಯು ಇದರಿಂದ ದತ್ತಿಸಂಸ್ಥೆಗಳಿಗೆ ದುಬಾರಿಯಾಯಿತು.

ಶಾಶ್ವತನಿಧಿಯೇ ಸರ್ವೌಷಧವೆಂದು ವಾದಿಸುವವರಿಗೆ 1634ರ ಬೆಳಗೊಳದ ಶಾಸನ ತಕ್ಕ ಉತ್ತರ. ಅಲ್ಲಿನ ಸ್ಥಾನಿಕರು ದೇವರ ದತ್ತಿಭೂಮಿಯನ್ನೇ ಸಾಹುಕಾರರಿಗೆ ಅಡವಿಟ್ಟಿದ್ದರು. ಮೈಸೂರಿನ ಚಾಮರಾಜ ಒಡೆಯರು ಸಾಲ ತಾವೇ ತೀರಿಸುವುದಾಗಿ ಹೇಳಿದಾಗ, ಸಾಹುಕಾರರು ಹಣ ಪಡೆಯದೆ ತಮ್ಮ ತಂದೆತಾಯಿಗಳ ಪುಣ್ಯಕ್ಕೆಂದು ಅಡವನ್ನು ಬಿಟ್ಟುಕೊಟ್ಟರು; ಇನ್ನು ಮುಂದೆ ಅಡವಿಡಕೂಡದೆಂದು ಕಟ್ಟಳೆಯಾಯಿತು. ದಾನವನ್ನು ಅಪಹರಿಸುವವರಿಗೆ ಶಾಸನಾಂತ್ಯದಲ್ಲಿ ಅಷ್ಟು ಶಾಪವಾಕ್ಯಗಳಿರುವುದೂ ಅಪಹರಣ ಅಪರೂಪವಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಹಾಗಾದರೆ ಸಮಿತಿಗಳ ಕೈಯಲ್ಲಿ ಇಂದೇ ಇರುವುದೇನು? ಮೂಲನಿಧಿ ಕೊಡಲಾಗದಿದ್ದರೂ ಐದು ವರ್ಷದ ಮಾತು ಕೊಡಬಹುದು. ಸಂಬಳವನ್ನು ಅನುದಾನದ ಮೊದಲ ಬಾಬತ್ತಾಗಿ ಬರೆಯಬಹುದು. ಯಾರಿಗೆ, ಎಷ್ಟು, ಯಾವುದಕ್ಕೆ ಎಂಬುದನ್ನು ಪಡೆದವರ ಬಾಗಿಲಲ್ಲಿಯೇ ಕನ್ನಡದಲ್ಲಿ ಬರೆಯಿಸಬಹುದು. ದಾನದ ಕಲ್ಲು ನಿಂತಿದ್ದುದು ಬಸದಿಯ ಅಂಗಳದಲ್ಲಿ. ಓದು ಬಾರದವನಿಗೂ ಅದನ್ನು ಓದಿ ಹೇಳುವ ನೆರೆಯವನೊಬ್ಬನಿರುತ್ತಿದ್ದನು.