‘ಬಲಿದಾನ’ವೆಂಬ ಅಗ್ಗದ ಮಾತು

ಆಗಸ್ಟ್ 15, ಜನವರಿ 26, ಕಾರ್ಗಿಲ್ ವಿಜಯದ ಜುಲೈ 26 - ಈ ಮೂರು ದಿನಗಳು ಹತ್ತಿರವಾದರೆ ಸಾಕು, ನಮ್ಮ ನಗರದ ಸಂಘಸಂಸ್ಥೆಗಳಿಗೆ ನಿವೃತ್ತ ಸೈನಿಕರ ನೆನಪಾಗುತ್ತದೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅದರ ಮೇಲೆ ಅರ್ಧ ಗಂಟೆಯ ಭಾಷಣ. ಆ ಭಾಷಣದಲ್ಲಿ ಒಂದು ಪದ ತಪ್ಪದೆ ಬರುತ್ತದೆ: ಬಲಿದಾನ. ಇಪ್ಪತ್ತೆರಡು ವರ್ಷ ಸೇನೆಯಲ್ಲಿದ್ದು, ಅದರ ಬಹುಭಾಗವನ್ನು ಪ್ಯಾರಾ ಕಮಾಂಡೋ ಪಡೆಯಲ್ಲಿ ಕಳೆದು ಬಂದ ನಾನು ಈ ಪದದ ಮೇಲೆ ಒಂದು ತಕರಾರು ಹೂಡಬೇಕೆಂದಿದ್ದೇನೆ. ಶಾಲು ಹೊದಿಸಿದ ಮಹನೀಯರು ಕೃತಘ್ನನೆಂದು ಬೈಯಬಾರದು. ಶಾಲಿನ ಮೇಲೆ ನನಗೆ ಕೋಪವಿಲ್ಲ. ಮಾತಿನ ಮೇಲೆ ಇದೆ.

ಪದ ನನಗೆ ಹೊಸದಲ್ಲ. ಕೆಳಮುಖವಾದ ಕಠಾರಿ, ಅದರ ಎರಡು ಬದಿಗೆ ರೆಕ್ಕೆ, ಕೆಳಗೆ ದೇವನಾಗರಿಯಲ್ಲಿ ಇದೇ ಪದ - ಇದು ನಮ್ಮ ಪಡೆಯ ಬಿಲ್ಲೆ. ತಿಂಗಳುಗಟ್ಟಲೆ ಪರೀಕ್ಷೆಗೆ ಒಡ್ಡಿಕೊಂಡು, ಜೊತೆಗೆ ಬಂದವರಲ್ಲಿ ಹೆಚ್ಚಿನವರು ಹಿಂದಿರುಗಿ ಹೋದ ಮೇಲೆ ಉಳಿದವರ ಎದೆಗೆ ಅದು ಬರುತ್ತದೆ. ನನ್ನ ಎದೆಯ ಮೇಲೂ ಅದು ವರ್ಷಾನುಗಟ್ಟಲೆ ಇತ್ತು. ಆದರೆ ಅದು ಸಿಪಾಯಿ ತನಗೆ ತಾನೇ ಆಡಿಕೊಂಡ ಮಾತು. ಇನ್ನೊಬ್ಬರು ಅವನ ಪರವಾಗಿ ಆಡತಕ್ಕದ್ದಲ್ಲ. ಒಬ್ಬನು ತಾನಾಗಿ ‘ನನಗೆ ಇಂದು ಉಪವಾಸ’ ಎಂದರೆ ಅದು ವ್ರತ. ಹೊಟ್ಟೆ ತುಂಬ ಉಂಡವನು ಅವನ ಎಲೆಯನ್ನು ಎತ್ತಿಟ್ಟು ‘ನಿನಗೆ ಇಂದು ಉಪವಾಸ’ ಎಂದರೆ ಅದಕ್ಕೆ ಏನೆನ್ನಬೇಕು?

2019ರ ಜೂನ್‌ನಲ್ಲಿ ವಿಶ್ವಕಪ್ ಪಂದ್ಯವೊಂದರಲ್ಲಿ ಧೋನಿಯವರ ಕೈಗವಸಿನ ಮೇಲೆ ಈ ಬಿಲ್ಲೆ ಕಾಣಿಸಿ, ಕ್ರಿಕೆಟ್ಟಿನ ಜಾಗತಿಕ ಮಂಡಳಿ ಅದನ್ನು ತೆಗೆಯಬೇಕೆಂದಾಗ ಎದ್ದ ಗದ್ದಲ ವಾಚಕರಿಗೆ ನೆನಪಿರಬಹುದು. ಧೋನಿಯವರ ವಿಷಯ ಬೇರೆ. ಪ್ರಾದೇಶಿಕ ಸೇನೆಯಲ್ಲಿ ಗೌರವ ಪದವಿ ಪಡೆದು, 2015ರಲ್ಲಿ ಆಗ್ರಾದಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಧುಮುಕಿದವರು. ನನ್ನ ಪ್ರಶ್ನೆ ಅವರಿಗಲ್ಲ. ಆ ಬಿಲ್ಲೆ ಬನಿಯನ್ನಿನ ಮೇಲೆ, ಮೋಟಾರು ಸೈಕಲ್ಲಿನ ಮೇಲೆ, ಮೊಬೈಲು ಫೋನಿನ ಬೆನ್ನ ಮೇಲೆ ಬಂತಲ್ಲ, ಅದನ್ನು ಕೊಂಡವರಿಗೆ. ನೂರಿನ್ನೂರು ರೂಪಾಯಿಗೆ ಬಲಿದಾನ ಸಿಕ್ಕುವ ದೇಶದಲ್ಲಿ ಬಲಿದಾನದ ಬೆಲೆ ಯಾರಿಗೆ ತಿಳಿದೀತು?

ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ಬಲಿ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಕೊಡುವವನೊಬ್ಬ ಬೇಕು. ದಾನದ ಪುಣ್ಯ ಕೊಟ್ಟವನಿಗೆ ಸಲ್ಲುತ್ತದೆ, ಕೊಡಲ್ಪಟ್ಟದ್ದಕ್ಕಲ್ಲ. ಹಾಗಾದರೆ ನೀವು ವೇದಿಕೆಯ ಮೇಲೆ ನಿಂತು ‘ನಮ್ಮ ಯೋಧರ ಬಲಿದಾನ’ ಎಂದಾಗ ಬಲಿ ಯಾರು, ದಾನಿ ಯಾರು? ಕುರಿ ಸತ್ತಿತು; ಪುಣ್ಯ ಜಾತ್ರೆಗೆ ಬಂದವರಿಗಾಯಿತು. ಕಟುವಾದ ಮಾತೆನಿಸಿದರೆ ಕ್ಷಮಿಸಿ. ಆದರೆ ಆ ಪದ ಮಾಡುವ ಕೆಲಸ ಅದೇ. ಅದು ಲೆಕ್ಕವನ್ನು ಮುಚ್ಚುತ್ತದೆ, ಪ್ರಶ್ನೆಯ ಬಾಯನ್ನೂ ಮುಚ್ಚುತ್ತದೆ.

ಒಂದು ನಿದರ್ಶನ ಕೊಡುತ್ತೇನೆ. 1987ರ ಅಕ್ಟೋಬರ್ 11ರ ರಾತ್ರಿ ಶ್ರೀಲಂಕೆಯ ಜಾಫ್ನಾ ವಿಶ್ವವಿದ್ಯಾನಿಲಯದ ಮೈದಾನದಲ್ಲಿ ನಮ್ಮ 10ನೆಯ ಪ್ಯಾರಾ ಕಮಾಂಡೋದವರನ್ನೂ 13ನೆಯ ಸಿಖ್ ಲೈಟ್ ಇನ್‌ಫೆಂಟ್ರಿಯ ಒಂದು ತುಕಡಿಯನ್ನೂ ಹೆಲಿಕಾಪ್ಟರಿನಿಂದ ಇಳಿಸಿದರು. ಹುಲಿಗಳ ಮುಖಂಡರನ್ನು ಹಿಡಿಯುವುದು ಉದ್ದೇಶ. ಆದರೆ ನಮ್ಮವರು ಬರುವ ಸುದ್ದಿ ಹುಲಿಗಳಿಗೆ ಮೊದಲೇ ಮುಟ್ಟಿತ್ತು. ಗುಂಡಿನ ಮಳೆಗೆ ಹೆಲಿಕಾಪ್ಟರುಗಳು ಜಖಂಗೊಂಡವು. ಹಿಂದಿನಿಂದ ಬರಬೇಕಾಗಿದ್ದ ಪಡೆ ಬರಲಿಲ್ಲ. ಆ ತುಕಡಿಯ ಮೂವತ್ತು ಜನರಲ್ಲಿ ಇಪ್ಪತ್ತೊಂಬತ್ತು ಜನ ಸತ್ತರು. ಒಬ್ಬ ಸೆರೆ ಸಿಕ್ಕ. ಕಮಾಂಡೋಗಳು ಕಾದಾಡುತ್ತ ಹೊರಬಂದರು, ಅವರಲ್ಲೂ ಕೆಲವರು ಉಳಿಯಲಿಲ್ಲ. ನಾನು ಪಡೆಗೆ ಸೇರಿದಾಗ ಹಿರಿಯ ಸಿಪಾಯಿಗಳು ಈ ಕಥೆಯನ್ನು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಒಬ್ಬರೂ ಬಲಿದಾನ ಎನ್ನುತ್ತಿರಲಿಲ್ಲ. ‘ಸುದ್ದಿ ಹೇಗೆ ಹೊರಬಿತ್ತು? ಎರಡನೆಯ ತಂಡ ಯಾಕೆ ಬರಲಿಲ್ಲ?’ ಎಂದು ಕೇಳುತ್ತಿದ್ದರು. ಸಿಪಾಯಿ ಕೇಳುವುದು ಈ ಪ್ರಶ್ನೆ. ಊರಲ್ಲಿದ್ದವರು ‘ಬಲಿದಾನ’ ಎಂದು ಕೈಮುಗಿದರೆ ಇದನ್ನು ಕೇಳುವವರೇ ಇಲ್ಲವಾಗುತ್ತದೆ. 1990ರಲ್ಲಿ ಆ ಶಾಂತಿಪಾಲನಾ ಪಡೆ ಹಿಂದಿರುಗುವ ಹೊತ್ತಿಗೆ ಸತ್ತವರು ಸುಮಾರು 1,200 ಮಂದಿ. ಅವರನ್ನು ಯಾವ ಗುರಿಗಾಗಿ ಕಳಿಸಿದೆವೆಂಬುದನ್ನು ನಾವು ನೆಟ್ಟಗೆ ಚರ್ಚಿಸಿದ್ದುಂಟೆ?

ಇನ್ನು ಸಂಸಾರದ ಮಾತು. ನಾನು ಸೇನೆಗೆ ಸೇರಿದ್ದು ನನ್ನ ಇಚ್ಛೆಯಿಂದ. ಕಮಾಂಡೋ ಪಡೆಗೆ ಹೋಗುತ್ತೇನೆಂದು ಎರಡನೆಯ ಸಲ ಕೈಯೆತ್ತಿದ್ದೂ ನನ್ನ ಇಚ್ಛೆಯಿಂದಲೇ. ನನ್ನ ಮನೆಯಾಕೆಯನ್ನು ಯಾರೂ ಕೇಳಲಿಲ್ಲ. ಗಂಡ ಎಲ್ಲಿದ್ದಾನೆ ಎಂದು ನೆರೆಯವರು ಕೇಳಿದರೆ ಆಕೆಗೆ ಗೊತ್ತಿದ್ದ ವಿಳಾಸ ಒಂದೇ: 56 ಎ.ಪಿ.ಓ. ಕಾಶ್ಮೀರದ ಯಾವ ಮೂಲೆಯಾದರೂ ಅದೇ. ವರ್ಷಕ್ಕೆ ಅರವತ್ತು ದಿನದ ರಜೆ, ಮೂವತ್ತು ದಿನದ ಬಿಡಿರಜೆ. ಅದೂ ಸಿಕ್ಕಾಗ ಸಿಕ್ಕಿತು. ಮಗಳಿಗೆ ಮಾತು ಬಂದ ಮೇಲೆ ನಾನು ಮೊದಲ ಸಲ ಬಂದಾಗ ಅವಳು ನನ್ನನ್ನು ‘ಅಂಕಲ್’ ಎಂದಳು. ಅತ್ತೆಯವರ ಕಾಯಿಲೆ, ಬಾಡಿಗೆ ಮನೆಯ ಯಜಮಾನನ ಕಿರಿಕಿರಿ, ಶಾಲೆಯ ಅರ್ಜಿಯಲ್ಲಿ ತಂದೆಯ ಸಹಿ ಎಲ್ಲಿ ಎಂಬ ಪ್ರಶ್ನೆ, ಇವೆಲ್ಲ ಆಕೆಯ ಗಡಿಠಾಣೆಗಳು. ನಿವೃತ್ತನಾಗಿ ಮನೆ ಸೇರಿದ ಮೇಲೂ ನಿದ್ದೆಯಲ್ಲಿರುವ ನನ್ನನ್ನು ಮುಟ್ಟಿ ಎಬ್ಬಿಸಬಾರದೆಂದು ಆಕೆ ಕಲಿತುಕೊಂಡಳು. ಬಾಗಿಲ ಬಳಿ ನಿಂತು ಹೆಸರು ಹಿಡಿದು ಕೂಗುತ್ತಾಳೆ. ಇದಕ್ಕೆ ಪದಕವಿಲ್ಲ, ಬಿಲ್ಲೆಯಿಲ್ಲ. ಸನ್ಮಾನಕ್ಕೆ ಆಕೆಯನ್ನೂ ಕರೆಯುತ್ತಾರೆ. ಹೂವು, ಕುಂಕುಮ, ರವಿಕೆಯ ಕಣ ಕೊಟ್ಟು ಎರಡನೆಯ ಸಾಲಿನಲ್ಲಿ ಕೂರಿಸುತ್ತಾರೆ.

ನನ್ನದು ಬದುಕಿ ಬಂದವನ ಮನೆ. ಬಾರದವರ ಮನೆಯ ಕಥೆ ಕೇಳಿ. ಶೌರ್ಯ ಪ್ರಶಸ್ತಿಯೊಡನೆ ಬರುವ ತಿಂಗಳ ಭತ್ಯ ಪ್ರಶಸ್ತಿ ಪಡೆದವನ ನಂತರ ಅವನ ಹೆಂಡತಿಗೆ ಸಲ್ಲುತ್ತದೆ. ಆಕೆ ಮರುಮದುವೆಯಾದರೆ ಅದು ನಿಲ್ಲಬೇಕೆಂದು ಹಳೆಯ ನಿಯಮ. 1995ರಲ್ಲಿ ಸರ್ಕಾರ ಒಂದು ರಿಯಾಯಿತಿ ತೋರಿಸಿತು: ಸತ್ತ ಗಂಡನ ಸಹೋದರನನ್ನೇ ಮದುವೆಯಾದರೆ ಭತ್ಯ ಮುಂದುವರಿಯುತ್ತದೆ! ಹಣ ಮನೆ ಬಿಟ್ಟು ಹೋಗಬಾರದು, ಹೆಣ್ಣೂ ಹೋಗಬಾರದು. ಈ ಷರತ್ತು ರದ್ದಾದದ್ದು 2017ರ ನವೆಂಬರಿನಲ್ಲಿ. ನಡುವಿನ ಇಪ್ಪತ್ತೆರಡು ವರ್ಷಗಳಲ್ಲಿ ಇದೇ ದೇಶ ಎಷ್ಟು ಸಲ ‘ವೀರನಾರಿ’ ಎಂದು ಜಯಘೋಷ ಮಾಡಿತೋ ಲೆಕ್ಕವಿಲ್ಲ. ವೀರನಾರಿಗೆ ವರನನ್ನು ಆರಿಸುವ ಸ್ವಾತಂತ್ರ್ಯ ಮಾತ್ರ ಇರಲಿಲ್ಲ.

ನಮ್ಮ ಕನ್ನಡನಾಡಿನ ಹಳಬರು ಈ ವಿಷಯದಲ್ಲಿ ನಮಗಿಂತ ಲೆಕ್ಕಸ್ಥರು. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಇದನ್ನು ಎಲ್ಲರೂ ನೋಡಿದ್ದೇವೆ. ಬೆಂಗಳೂರಿನ ಹೆಸರು ಮೊದಲು ಸಿಕ್ಕುವುದೇ ಬೇಗೂರಿನ ಅಂಥ ಒಂದು ಕಲ್ಲಿನಲ್ಲಿ. ಆದರೆ ಕಲ್ಲು ನೆಟ್ಟು ಕೈತೊಳೆದುಕೊಳ್ಳುವ ಪದ್ಧತಿ ಅವರದಲ್ಲ. ಕಾದಿ ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ‘ನೆತ್ತರುಗೊಡಗೆ’ ಎಂದು ಹೆಸರು. ಎಂಥ ನೇರವಾದ ಮಾತು! ನೆತ್ತರು ಬಿದ್ದಿದೆ, ಋಣ ಆಗಿದೆ, ಗದ್ದೆ ಕೊಡಬೇಕು. ಹಳೆಯದೆಲ್ಲ ಹೊನ್ನೆಂದು ನಾನು ಹೇಳುತ್ತಿಲ್ಲ. ಆ ವೀರಗಲ್ಲುಗಳ ನಡುವೆಯೇ ಬಳೆ ತೊಟ್ಟ ಕೈಯೊಂದು ಎದ್ದು ನಿಂತ ಮಾಸ್ತಿಗಲ್ಲುಗಳೂ ಇವೆ. ಅವು ಬೆಂಕಿಗೆ ಬಿದ್ದ ಹೆಂಗಸರವು. ನಾವು ಇಟ್ಟುಕೊಳ್ಳಬೇಕಾದದ್ದು ಗದ್ದೆಯನ್ನು. ಇಟ್ಟುಕೊಂಡಿರುವುದು ಕಲ್ಲನ್ನು.

ಗದ್ದೆಗೂ ಗಂಟಿಗೂ ವ್ಯತ್ಯಾಸವಿದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಹುಡುಗ ನಾಲ್ಕು ವರ್ಷಕ್ಕೆ ಸೇರುತ್ತಾನೆ. ನೂರರಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಜನ ಮುಂದುವರಿಯುತ್ತಾರೆ. ಆ ಅವಧಿಯಲ್ಲಿ ಸತ್ತರೆ 48 ಲಕ್ಷದ ವಿಮೆ, ಇತರ ಮೊತ್ತಗಳು ಉಂಟು. ಆದರೆ ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿಯನ್ನು ಯೋಜನೆ ಇಟ್ಟಿರಲಿಲ್ಲ. ಅದೇ ಕಂದಕದಲ್ಲಿ, ಅದೇ ಗುಂಡಿಗೆ, ಪಕ್ಕದಲ್ಲೇ ಸತ್ತ ಹಳೆಯ ಪದ್ಧತಿಯ ಸಿಪಾಯಿಯ ಮನೆಗೆ ಅದು ಉಂಟು. ಭಾಷಣದಲ್ಲಿ ಮಾತ್ರ ಇಬ್ಬರದೂ ಸಮಾನ ಬಲಿದಾನ.

ಎರಡು ಕಡೆಯಿಂದ ನನಗೆ ಉತ್ತರ ಬರುತ್ತದೆಂದು ಬಲ್ಲೆ. ಒಂದು: ‘ಸಂಬಳಕ್ಕೆ ಸೇರಿದವರು, ಇದೂ ಒಂದು ನೌಕರಿ, ಇಷ್ಟೇಕೆ ರಂಪ?’ ನೌಕರಿಯೆಂದೇ ಇಟ್ಟುಕೊಳ್ಳೋಣ. ಹಾಗಾದರೆ ನೌಕರನ ಲೆಕ್ಕವನ್ನಾದರೂ ಚೊಕ್ಕವಾಗಿ ತೀರಿಸಿ. ಇನ್ನೊಂದು: ‘ಹೀಗೆಲ್ಲ ಬರೆದರೆ ಯೋಧರ ಮನೋಬಲ ಕುಗ್ಗುತ್ತದೆ.’ ಇದನ್ನು ಹೇಳುವವರು ಸಾಮಾನ್ಯವಾಗಿ ಯೋಧರಲ್ಲ. 2025ರ ಮೇ ತಿಂಗಳ ಆ ನಾಲ್ಕು ದಿನ ನಮ್ಮ ಬಡಾವಣೆಗಳಲ್ಲಿ ಟೆಲಿವಿಷನ್ ಮುಂದೆ ಕುಳಿತು ಇನ್ನಷ್ಟು ಮುಂದುವರಿಯಲಿ ಎಂದವರನ್ನು ನಾನು ಕೇಳಿದ್ದೇನೆ. ಪೂಂಛದಲ್ಲಿ ಅದೇ ಹೊತ್ತು ಮನೆಗಳ ಮೇಲೆ ಷೆಲ್ಲು ಬೀಳುತ್ತಿತ್ತು, ಮಕ್ಕಳು ಸಾಯುತ್ತಿದ್ದರು. ಯುದ್ಧವೇ ಕೂಡದೆನ್ನುವವನು ನಾನಲ್ಲ. ಹಾಗೆಂದಿದ್ದರೆ ಆ ಬಿಲ್ಲೆ ಧರಿಸುತ್ತಿರಲಿಲ್ಲ. ಆದರೆ ಸಿಪಾಯಿಯ ಮನೋಬಲ ನಿಲ್ಲುವುದು ಜಯಘೋಷದಿಂದಲ್ಲ. ತಾನು ಬಾರದಿದ್ದರೂ ಮನೆಯ ಒಲೆ ಉರಿಯುತ್ತದೆ, ಮಗುವಿನ ಶಾಲೆ ನಿಲ್ಲುವುದಿಲ್ಲ ಎಂಬ ನಂಬಿಕೆಯಿಂದ.

ಆ ನಂಬಿಕೆ ಎಲ್ಲಿ ಒಡೆಯುತ್ತದೆಂದು ಹೇಳಿ ಮುಗಿಸುತ್ತೇನೆ. ಜೊತೆಗಿದ್ದ ಒಬ್ಬನ ವಿಧವೆ ಉತ್ತರ ಕರ್ನಾಟಕದ ಹಳ್ಳಿಯವಳು. ಸೇನೆಯ ದಾಖಲೆಯಲ್ಲಿ ಗಂಡನ ಹೆಸರಿಗೆ ತಂದೆಯ ಹೆಸರು ಸೇರಿದೆ, ಊರಿನ ಕಾಗದದಲ್ಲಿ ಅಡ್ಡಹೆಸರು. ಇಷ್ಟನ್ನು ಸರಿಪಡಿಸಲು ಒಂದು ಕಚೇರಿಗೆ ಏಳು ಸಲ ಅಲೆದಳು; ಒಂದೆರಡು ಸಲ ನಾನೂ ಜೊತೆಗಿದ್ದೆ. ಮೇಜಿನ ಹಿಂದಿದ್ದವರು ದುಷ್ಟರೇನಲ್ಲ. ಗೋಡೆಯ ಮೇಲೆ ಹುತಾತ್ಮರ ಚಿತ್ರ ತೂಗುಹಾಕಿದ್ದರು, ಅದಕ್ಕೆ ಹಾರವೂ ಇತ್ತು.

ಈ ಪುರವಣಿಯನ್ನು ಓದುವವರಲ್ಲಿ ಬ್ಯಾಂಕಿನವರಿದ್ದೀರಿ, ಕಚೇರಿಯವರಿದ್ದೀರಿ, ಶಾಲೆ ನಡೆಸುವವರಿದ್ದೀರಿ. ನಾಳೆಯೋ ನಾಡಿದ್ದೋ ಅಂಥ ಒಬ್ಬ ಹೆಣ್ಣುಮಗಳು ಮಡಿಚಿದ ಕಾಗದ ಹಿಡಿದು ನಿಮ್ಮ ಮೇಜಿನ ಮುಂದೆ ಬಂದು ನಿಂತಾಳು. ಬಲಿದಾನದ ಮಾತೆತ್ತಬೇಡಿ. ಕೂರಲು ಕುರ್ಚಿ ಕೊಟ್ಟು, ಅವಳ ಕೆಲಸವನ್ನು ಅಂದೇ ಮಾಡಿ ಕಳಿಸಿ. ನಮ್ಮ ಕಾಲದ ನೆತ್ತರುಗೊಡಗೆಯಲ್ಲಿ ನಿಮ್ಮ ಪಾಲು ಅದು.